ಕೋಡಿಬಾಗದ ಅಕ್ಕೋರ ಇಂಗ್ಲಿಷ್ ಮನೆಪಾಠ

ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿ ಪ್ರೌಢಶಾಲೆಗೆ ಕಾಲಿಡುವ ಮಕ್ಕಳಿಗೆ ಕಾರವಾರದಲ್ಲಿ ಇಂಗ್ಲಿಷ್ ಮನೆಪಾಠ ಹುಡುಕುತ್ತಿದ್ದೀರಾದರೆ, ಕೋಡಿಬಾಗದ ಈ ನಿವೃತ್ತ ಅಕ್ಕೋರ (ಶಿಕ್ಷಕಿಯ) ಮನೆಗೆ ಒಮ್ಮೆ ಹೋಗಿ ಬನ್ನಿ. ಬೋರ್ಡು ಇಲ್ಲ, ಜಾಹೀರಾತು ಇಲ್ಲ. ಜಗಲಿಯಲ್ಲಿ ಎರಡು ಬೆಂಚು, ಗೋಡೆಗೆ ಒಂದು ಕಪ್ಪು ಹಲಗೆ, ಅಷ್ಟೇ. ನನ್ನ ಮಗಳು ಕಳೆದ ಜೂನ್‌ನಿಂದ ಅಲ್ಲಿ ಕಲಿಯುತ್ತಿದ್ದಾಳೆ.

ಏಳನೆಯ ಇಂಗ್ಲಿಷಿಗೂ ಎಂಟನೆಯ ಇಂಗ್ಲಿಷಿಗೂ ಅಜಗಜಾಂತರ. ಅಲ್ಲಿಯವರೆಗೆ ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆದು ದಾಟಿಕೊಂಡು ಬಂದ ಮಕ್ಕಳ ಮುಂದೆ ಒಮ್ಮೆಲೇ ಉದ್ದುದ್ದ ಗದ್ಯಪಾಠಗಳು, ಪದ್ಯ, ಹಿಂದೆಂದೂ ಓದಿರದ ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆಗಳು, ಕರ್ತರಿ–ಕರ್ಮಣಿ ಪ್ರಯೋಗ, ಪತ್ರ, ಪ್ರಬಂಧ ಎಲ್ಲವೂ ಬಂದು ನಿಲ್ಲುತ್ತವೆ. ನಮ್ಮಂಥವರ ಮನೆಯಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಕಿವಿಗೆ ಬೀಳುವುದು ಆ ಒಂದು ಪಿರಿಯಡ್‌ನಲ್ಲಿ ಮಾತ್ರ. ಹಾಗಾಗಿ ಎಲ್ಲರೂ ಗೈಡ್ ಹಿಡಿಯುತ್ತಾರೆ. ಸರ್ಕಾರ ಉಚಿತವಾಗಿ ಕೊಟ್ಟ ಪಠ್ಯಪುಸ್ತಕ ಹೊಸದಾಗಿಯೇ ಉಳಿಯುತ್ತದೆ, ಗೈಡ್ ಮಾತ್ರ ಹರಿದು ಚಿಂದಿಯಾಗುತ್ತದೆ. ಪೇಟೆಯ ಒಂದು ಟ್ಯೂಷನ್‌ನಲ್ಲಿ ನಾನು ವಿಚಾರಿಸಿದಾಗ ಅವರು ಮೊದಲು ಕೇಳಿದ್ದೇ 'ಗೈಡ್ ತಂದಿದ್ದೀರಾ' ಎಂದು. ಈ ಅಕ್ಕೋರು ಗೈಡನ್ನು ಜಗಲಿ ಹತ್ತಲು ಬಿಡುವುದಿಲ್ಲ. ಪಾಠವನ್ನು ಮಕ್ಕಳೇ ಸರದಿಯಂತೆ ಗಟ್ಟಿಯಾಗಿ ಓದಬೇಕು, ಉತ್ತರವನ್ನು ಪುಸ್ತಕ ಮುಚ್ಚಿಟ್ಟು ತಮ್ಮ ಮಾತಿನಲ್ಲೇ ಬರೆಯಬೇಕು. ತಪ್ಪಾದರೂ ಸರಿ, ಸ್ವಂತದ್ದಾಗಿರಬೇಕು.

ಕರ್ಮಣಿ ಪ್ರಯೋಗವನ್ನು ಕಲಿಸಿದ ರೀತಿಯನ್ನು ಹೇಳಲೇಬೇಕು. ಸಾಮಾನ್ಯವಾಗಿ ಇದನ್ನು ಗಣಿತದ ಸೂತ್ರದ ಹಾಗೆ ಕಲಿಸುತ್ತಾರೆ: ಕರ್ಮವನ್ನು ಮುಂದಕ್ಕೆ ತನ್ನಿ, ಕ್ರಿಯಾಪದದ ಮೂರನೇ ರೂಪ ಹಾಕಿ, ಕೊನೆಗೆ 'ಬೈ' ಸೇರಿಸಿ. ಏಕೆ ಹಾಗೆ ಬರೆಯಬೇಕು ಎಂಬುದು ಮಗುವಿಗೆ ಕಡೆಗೂ ಗೊತ್ತಾಗುವುದಿಲ್ಲ. ಅಕ್ಕೋರು ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದನ್ನು ಎತ್ತಿಕೊಂಡರು. 2024ರ ಆಗಸ್ಟ್ 7ರಂದು ಬೆಳಕು ಹರಿಯುವ ಮುನ್ನ ಸೇತುವೆ ನದಿಗೆ ಬಿತ್ತು, ಒಂದು ಲಾರಿಯೂ ನೀರುಪಾಲಾಯಿತು, ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿದರು. ಇದನ್ನು ಪತ್ರಿಕಾ ವರದಿಯಾಗಿ ಬರೆಯಿರಿ ಎಂದರು. ಚಾಲಕ ಬದುಕಿದನೇ ಎಂದು ಊರೆಲ್ಲ ಕೇಳುತ್ತಿರುವಾಗ ವಾಕ್ಯ ಅವನಿಂದಲೇ ಶುರುವಾಗಬೇಕು: 'ದಿ ಡ್ರೈವರ್ ವಾಸ್ ರೆಸ್ಕ್ಯೂಡ್'. ಯಾರು ಕಾಪಾಡಿದರು ಎಂಬುದು ಆಮೇಲಿನ ಮಾತು. ಮೀನುಗಾರರ ಮನೆಯ ಹುಡುಗನೊಬ್ಬ ತನ್ನ ವರದಿಯಲ್ಲಿ ಮೀನುಗಾರರೇ ಮೊದಲು ಬರಬೇಕೆಂದು ಹಟ ಹಿಡಿದನಂತೆ. 'ಹಾಗಾದರೆ ಕರ್ತರಿಯಲ್ಲಿ ಬರೆ, ಅದೂ ಸರಿಯೇ' ಎಂದರಂತೆ ಅಕ್ಕೋರು. ಮಗಳು ಮನೆಗೆ ಬಂದು ಎರಡೂ ವಾಕ್ಯಗಳನ್ನು ನನಗೆ ಬರೆದು ತೋರಿಸಿದಳು. ಅವಳಿಗೆ ವಿಷಯ ತಲೆಗೆ ಹತ್ತಿದೆ ಎಂದು ನನಗೆ ಖಾತ್ರಿಯಾದದ್ದು ಆಗ.

ದಸರಾ ರಜೆಯ ಹೊತ್ತಿಗೆ ರವೀಂದ್ರನಾಥ ಟಾಗೋರರ ನೆನಪುಗಳ ಪುಸ್ತಕದಿಂದ ಒಂದು ಭಾಗವನ್ನು ಸರಳಗೊಳಿಸಿ ಓದಿಸಿದರು. ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರು. ನಮ್ಮ ಕಡಲತೀರಕ್ಕೆ ಅವರ ಹೆಸರಿರುವುದು ಅದೇ ಕಾರಣಕ್ಕೆ. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದದ್ದು, ಶಿವಾಜಿಯ ಕಾಲದ ಬೆಟ್ಟದ ಕೋಟೆಯ ಬಳಿ ಇಳಿದು ರೈತನೊಬ್ಬನ ಅಂಗಳದಲ್ಲಿ ಕಟ್ಟಿಕೊಂಡು ಹೋಗಿದ್ದ ಬುತ್ತಿ ಉಂಡದ್ದು, ತಿರುಗಿ ಬರುವಾಗ ನದಿ ಸಮುದ್ರ ಸೇರುವಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದು, ಎಲ್ಲವೂ ಅದರಲ್ಲಿದೆ. ಗಾಳಿಮರಗಳೂ ಇವೆ. ನದಿಯಾಚೆ ಬೆಟ್ಟದ ಕೋಟೆಯಿರುವ ಸದಾಶಿವಗಡದ ಕಡೆಯಿಂದ ಬರುವ ಮಕ್ಕಳು ಆ ಅಂಗಳ ಯಾರ ಮನೆಯದಿರಬಹುದೆಂದು ವಾದಕ್ಕೇ ಇಳಿದರಂತೆ. ಓದಿರದ ಗದ್ಯಭಾಗ ಎಂದರೆ ಬೆವರುತ್ತಿದ್ದ ಮಕ್ಕಳು ಒಂದು ಪದಕ್ಕೆ ಅರ್ಥ ತಿಳಿಯದಿದ್ದರೂ ನಿಲ್ಲದೆ ಮುಂದೆ ಓದಿದ್ದಾರೆ, ಏಕೆಂದರೆ ಮುಂದೇನಾಯಿತು ಎಂದು ಅವರಿಗೆ ತಿಳಿಯಬೇಕಿತ್ತು. ಎಂಟನೇ ತರಗತಿಯಲ್ಲಿ ಇದೊಂದು ರೂಢಿಯಾದರೆ ಸಾಕು, ಉಳಿದದ್ದನ್ನು ಮಕ್ಕಳೇ ಕಟ್ಟಿಕೊಳ್ಳುತ್ತಾರೆ ಎಂಬುದು ನನ್ನ ನಂಬಿಕೆ.

ಕೊರತೆಗಳೂ ಇವೆ. ಮಾತನಾಡುವ ಅಭ್ಯಾಸಕ್ಕೆ ಸಮಯ ಸಾಲುವುದಿಲ್ಲ. ನನ್ನ ಮಗಳು ಈಗ ಧೈರ್ಯವಾಗಿ ಬರೆಯುತ್ತಾಳೆ, ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಇನ್ನೂ ತಡವರಿಸುತ್ತಾಳೆ. ಪತ್ರಲೇಖನದ ನಮೂನೆಯನ್ನು ತೀರಾ ತಡವಾಗಿ ತೆಗೆದುಕೊಂಡದ್ದರಿಂದ ಮೊದಲ ಸಂಕಲನಾತ್ಮಕ ಮೌಲ್ಯಮಾಪನದಲ್ಲಿ ಅಲ್ಲಿಯೇ ಅಂಕ ಹೋಯಿತು. ಇದನ್ನು ನಾನು ಅಕ್ಕೋರಿಗೆ ನೇರವಾಗಿ ಹೇಳಿದ್ದೇನೆ, ಮುಂದಿನ ವರ್ಷ ಆಗಸ್ಟ್ ಒಳಗೆ ಮುಗಿಸುವುದಾಗಿ ಒಪ್ಪಿಕೊಂಡಿದ್ದಾರೆ. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯುತ್ತದೆ, ಕರೆಂಟು ಹೋದರೆ ಪಾಠವೂ ನಿಲ್ಲುತ್ತದೆ.

ತಿಂಗಳೊಪ್ಪತ್ತಿನಲ್ಲಿ ಅಂಕ ಏರಬೇಕೆನ್ನುವವರಿಗೆ ಇದು ಹೇಳಿದ ಜಾಗವಲ್ಲ. ಮೊದಲ ಪರೀಕ್ಷೆಯಲ್ಲಿ ಗೈಡ್ ಉರು ಹೊಡೆದ ಮಕ್ಕಳೇ ಮುಂದಿದ್ದರು. ಎರಡನೆಯದರಲ್ಲಿ ಹಾಗಾಗಲಿಲ್ಲ. ಹತ್ತನೆಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ ಎದುರಿಸಬೇಕಾದ ಮಕ್ಕಳಿಗೆ ಇನ್ನೂ ಎರಡು ವರ್ಷ ಕೈಯಲ್ಲಿದೆ. ಸ್ವಂತವಾಗಿ ಬರೆಯಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ.

ಶುಲ್ಕ ತಿಂಗಳಿಗೆ 500 ರೂಪಾಯಿ, ಒಂದೇ ಮನೆಯ ಎರಡನೇ ಮಗುವಿಗೆ ಅರ್ಧ. ವಾರಕ್ಕೆ ನಾಲ್ಕು ದಿನ, ಶಾಲೆ ಬಿಟ್ಟ ಮೇಲೆ. ಬೆಂಚಿನಲ್ಲಿ ಹಿಡಿಸುವಷ್ಟು ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದರಿಂದ ಮೇ ತಿಂಗಳಲ್ಲೇ ಹೋಗಿ ಹೇಳಿಟ್ಟು ಬನ್ನಿ. ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಏಕೆಂದರೆ ಅಕ್ಕೋರು ಮಾತನಾಡಿಸುವುದು ಮಗುವನ್ನೇ.