ಬಿದ್ದ ಬೆಸುಗೆಗೆ ಇನ್ನೆರಡು: ಆಯ್ಕೆಯನ್ನು ಗುತ್ತಿಗೆದಾರನ ಕೈಗೆ ಕೊಡಬೇಡಿ

ರೇಡಿಯೋಗ್ರಫಿ (ಬೆಸುಗೆಯ ಒಳಗನ್ನು ಎಕ್ಸ್-ರೇಯಂಥ ಕಿರಣಗಳಿಂದ ಫಿಲ್ಮ್ ಮೇಲೆ ಮೂಡಿಸುವ ಪರೀಕ್ಷೆ) ವರದಿಯ ಕೊನೆಯ ಕಾಲಂನಲ್ಲಿ ‘ಸ್ವೀಕೃತ’ ಎಂದಿರುವುದನ್ನಷ್ಟೇ ನೋಡಿ ಸಹಿ ಹಾಕುವವರು ಇದನ್ನು ಓದಬೇಕು. ನಾನು ಮಾಲೀಕರ ಪರ ತಪಾಸಣೆಗೆ ಹೋಗಿದ್ದ ಒಂದು ಪೈಪಿಂಗ್ ಕಾಮಗಾರಿಯಲ್ಲಿ ಕಡತ ಅಚ್ಚುಕಟ್ಟಾಗಿತ್ತು. ಮೋಸವಿದ್ದದ್ದು ಫಿಲ್ಮ್‌ಗಳಲ್ಲಿ.

ಕಾರ್ಖಾನೆ ಪೈಪಿಂಗ್‌ಗೆ ಅನ್ವಯಿಸುವ ಅಮೆರಿಕದ ಸಂಹಿತೆ ಎಎಸ್‌ಎಂಇ ಬಿ31.3 ಪ್ರಕಾರ ಸಾಮಾನ್ಯ ಸೇವೆಯ ಪೈಪುಗಳಲ್ಲಿ ಸುತ್ತು ಬೆಸುಗೆಗಳ ಪೈಕಿ ಕನಿಷ್ಠ ಶೇ. 5ರಷ್ಟನ್ನು ಪರೀಕ್ಷಿಸಬೇಕು; ಪ್ರತಿ ವೆಲ್ಡರನ ಕೆಲಸವೂ ಅದರಲ್ಲಿ ಸೇರಿರಬೇಕು. ಒಂದು ಬಿದ್ದರೆ, ಅಂದರೆ ಪರೀಕ್ಷೆಯಲ್ಲಿ ಫೇಲಾದರೆ, ಅದೇ ಲಾಟಿನಲ್ಲಿ (ಪರೀಕ್ಷೆಗೆಂದು ಒಟ್ಟಾಗಿ ಗುರುತಿಸಿದ ಬೆಸುಗೆಗಳ ಗುಂಪಿನಲ್ಲಿ) ಅದೇ ವೆಲ್ಡರ್ ಮಾಡಿದ ಇನ್ನೆರಡನ್ನು ನೋಡಬೇಕು. ಎರಡೂ ಪಾಸಾದರೆ ಬಿದ್ದದ್ದನ್ನು ಮಾತ್ರ ರಿಪೇರಿ ಮಾಡಿ ಮರುಪರೀಕ್ಷೆಗೆ ಒಡ್ಡಿದರೆ ಸಾಕು. ಅವುಗಳಲ್ಲೂ ಬಿದ್ದರೆ, ಬಿದ್ದ ಒಂದೊಂದಕ್ಕೂ ಮತ್ತೆರಡು. ಅಲ್ಲಿಯೂ ದೋಷ ಕಂಡರೆ ಆ ಲಾಟಿನಲ್ಲಿ ಅವನು ಮಾಡಿದ್ದೆಲ್ಲವನ್ನೂ ಪೂರ್ತಿ ಪರೀಕ್ಷಿಸಬೇಕು, ಇಲ್ಲವೇ ಕಿತ್ತು ಹೊಸದಾಗಿ ಬೆಸೆದು ಮರುಪರೀಕ್ಷಿಸಬೇಕು. ಆ ಮೊದಲ ಎರಡು ಪಾಸಾಗಲೇಬೇಕು ಎಂಬ ಹಟ ಗುತ್ತಿಗೆದಾರನಿಗೆ ಏಕೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಬಿದ್ದದ್ದು ಗೋಡೆಯ ಪಕ್ಕದಲ್ಲಿ, ಪೈಪನ್ನು ತಿರುಗಿಸಲಾಗದ ಜಾಗದಲ್ಲಿ ಮಾಡಿದ ಜಾಯಿಂಟ್. ಪೈಪಿನ ತಳಭಾಗದಲ್ಲಿ ರೂಟ್, ಅಂದರೆ ಬೆಸುಗೆಯ ಒಳತುದಿಯ ಮೊದಲ ಪದರ, ಬೆಸೆದುಕೊಂಡಿರಲಿಲ್ಲ. ಹೆಚ್ಚುವರಿ ಪರೀಕ್ಷೆಗೆ ತೋರಿಸಿದ ಎರಡೂ ವರ್ಕ್‌ಶಾಪಿನಲ್ಲಿ ಪೈಪನ್ನು ತಿರುಗಿಸುತ್ತ ಆರಾಮವಾಗಿ ಬೆಸೆದಂಥವು. ಅದರಲ್ಲೊಂದು ಈ ವೆಲ್ಡರನದೇ ಅಲ್ಲ. ದಿನವಹಿ ದಾಖಲೆಯ ಪ್ರಕಾರ ಆ ದಿನ ಅವನು ವರ್ಕ್‌ಶಾಪಿನಲ್ಲಿಯೇ ಇರಲಿಲ್ಲ. ಬೆಸುಗೆಯ ಪಕ್ಕ ಅವನ ಗುರುತಿನ ಸಂಖ್ಯೆಯನ್ನು ಆಮೇಲೆ ಒತ್ತಲಾಗಿತ್ತು.

ರಿಪೇರಿಯ ಫಿಲ್ಮ್ ಇದಕ್ಕಿಂತ ಸೊಗಸು. ದೋಷವಿದ್ದ ತುಂಡನ್ನಷ್ಟೇ ಕೊರೆದು ಮತ್ತೆ ಬೆಸೆದಾಗ ಉಳಿದ ಸುತ್ತು ಹಾಗೆಯೇ ಇರುತ್ತದೆ. ಹಳೆಯ ಫಿಲ್ಮಿನಲ್ಲಿ ರೂಟ್‌ನ ಅಂಚು ಎಲ್ಲಿ ಡೊಂಕಾಗಿದೆಯೋ, ಎಲ್ಲಿ ಲೋಹದ ಹನಿ ಒಳಕ್ಕೆ ಇಳಿದಿದೆಯೋ, ಹೊಸದರಲ್ಲೂ ಅಲ್ಲಲ್ಲೇ ಕಾಣಬೇಕು. ಎರಡನ್ನೂ ವ್ಯೂವರ್ (ಫಿಲ್ಮ್ ನೋಡುವ ಬೆಳಕಿನ ಪೆಟ್ಟಿಗೆ) ಮೇಲೆ ಪಕ್ಕಪಕ್ಕ ಇಟ್ಟರೆ ಒಂದು ಗುರುತೂ ಹೊಂದಲಿಲ್ಲ. ಫಿಲ್ಮಿನಲ್ಲಿ ಜಾಯಿಂಟಿನ ಸಂಖ್ಯೆ ಮೂಡಲೆಂದು ಇಡುವ ಸೀಸದ ಅಕ್ಷರಗಳು ಮಾತ್ರ ಸರಿಯಾಗಿದ್ದವು! ಬೇರೆ ಯಾವುದೋ ಒಳ್ಳೆಯ ಜಾಯಿಂಟಿಗೆ ಆ ಸಂಖ್ಯೆಯನ್ನು ಅಂಟಿಸಿ ಚಿತ್ರ ತೆಗೆದಿದ್ದರು.

ಹಾಗಾಗಿ ಬೆಸುಗೆ ಬಿದ್ದ ವರದಿ ಬಂದ ದಿನವೇ ಹೆಚ್ಚುವರಿ ಪರೀಕ್ಷೆಯ ಆ ಎರಡು ಜಾಯಿಂಟ್‌ಗಳನ್ನು ನೀವೇ ಆರಿಸಿ, ಪೈಪ್ ಸಾಲಿನ ಮೂರು ಆಯಾಮ ತೋರಿಸುವ ಐಸೋಮೆಟ್ರಿಕ್ ನಕ್ಷೆಯಲ್ಲೂ ಪೈಪಿನ ಮೇಲೂ ಗುರುತು ಹಾಕಿ. ಸಾಧ್ಯವಾದರೆ ಬಿದ್ದದ್ದರಷ್ಟೇ ಕಷ್ಟದ ಜಾಗದಲ್ಲಿ ಬೆಸೆದದ್ದನ್ನು ಹಿಡಿಯಿರಿ. ಲಾಟ್ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಬೆಸುಗೆ ಬಿದ್ದ ಮರುದಿನವೇ ಲಾಟ್ ಚಿಕ್ಕದಾಗುತ್ತದೆ. ಫಿಲ್ಮ್‌ಗಳು ವರದಿಯ ಜೊತೆಗೇ ಬರಲಿ. ಇನ್ಸುಲೇಷನ್ ಸುತ್ತುವ ಮೊದಲೇ ಇದೆಲ್ಲ ಮುಗಿಯಲಿ.

‘ನೀರಿನ ಒತ್ತಡ ಪರೀಕ್ಷೆಯಲ್ಲಿ ಒಂದು ತೊಟ್ಟೂ ಸೋರಲಿಲ್ಲವಲ್ಲ’ ಎಂಬುದು ಗುತ್ತಿಗೆದಾರರ ವಾದವಾಗಿತ್ತು. ದಪ್ಪದ ಒಂದಷ್ಟು ಭಾಗ ಮಾತ್ರ ಬೆಸೆಯದೆ ಉಳಿದಿದ್ದರೆ ಅಂದು ಸೋರದಿರುವುದು ಸಹಜವೇ. ಕಂಪನ, ಬಿಸಿ-ತಂಪುಗಳ ಏರಿಳಿತ ಆರಂಭವಾದ ಮೇಲೆ ಬಿರುಕು ಬೆಳೆಯತೊಡಗುವುದು ಅಲ್ಲಿಂದಲೇ. ಕೊನೆಗೆ ಇನ್ಸುಲೇಷನ್ ಬಿಚ್ಚಿಸಿ ಆ ವೆಲ್ಡರನ ಎಲ್ಲ ಜಾಯಿಂಟ್‌ಗಳ ಚಿತ್ರ ತೆಗೆಸಲಾಯಿತು. ಅದರ ಖರ್ಚು ಯಾರದೆಂಬ ಜಗಳ ಇನ್ನೂ ಮುಗಿದಿಲ್ಲ.