ನೆಟ್ಟ ಮೇಲೆ ಮತ್ತೆ ಬರುವವರು: ನಮ್ಮ ರಸ್ತೆಯ ಸ್ವಯಂಸೇವಕರ ಬಗ್ಗೆ, ಒಂದು ವರ್ಷ ನೋಡಿ ಬರೆದ ರಿವ್ಯೂ

ಹೋದ ವರ್ಷ ಜೂನ್‌ನಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಸ್ವಯಂಸೇವಕರ ಒಂದು ತಂಡದವರು 11 ಗಿಡ ನೆಟ್ಟರು. ಈ ಬೇಸಿಗೆ ಕಳೆದ ಮೇಲೆ ಎಣಿಸಿ ನೋಡಿದೆ, 9 ಇವೆ. ಈ ತಂಡ ಹೇಗೆ, ನಮ್ಮ ಬೀದಿಗೂ ಕರೆಸಬಹುದಾ ಅಂತ ಮೂರ್ನಾಲ್ಕು ಜನ ಕೇಳಿದ್ದರು. ಅದಕ್ಕೇ ಈ ಲೆಕ್ಕ ಮೊದಲು ಹೇಳಿದೆ.

ಇವರು ಭಾನುವಾರ ಬೆಳಗ್ಗೆ ಆರೂವರೆಗೆ ಬರುತ್ತಾರೆ. ಕಾಲೇಜು ಹುಡುಗ ಹುಡುಗಿಯರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಇಬ್ಬರು ರಿಟೈರ್ಡ್ ಮೇಷ್ಟ್ರು. ದುಡ್ಡು ಕೇಳುವುದಿಲ್ಲ. ಬ್ಯಾನರ್ ಕಟ್ಟುವುದಿಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಾರೆ, ಅದೂ ಕೆಲಸ ಮುಗಿದ ಮೇಲೆ.

ಮೊದಲ ಎರಡು ಭಾನುವಾರ ಒಂದು ಗಿಡವನ್ನೂ ನೆಡಲಿಲ್ಲ. ನಮ್ಮ ರಸ್ತೆ ಕೊನೆಯಲ್ಲಿ ಒಂದು ಖಾಲಿ ಸೈಟಿದೆ, ಅದರ ಮುಂದೆ ವರ್ಷಗಟ್ಟಲೆ ಕಸ ಬಿದ್ದಿತ್ತು. ಮೇಲಿನದನ್ನು ಬಾಚಿ ತೆಗೆದರೆ ಆಯಿತು ಅಂದುಕೊಂಡಿದ್ದೆ. ಅವರು ಸನಿಕೆ ಹಿಡಿದು ಒಂದಡಿ ಕೆಳಗಿನವರೆಗೆ ಕೆದಕಿದರು, ಅಲ್ಲಿಂದ ಹಾಲಿನ ಕವರ್, ಗುಟ್ಕಾ ಪ್ಯಾಕೆಟ್, ಖಾಲಿ ಮಾತ್ರೆ ಹಾಳೆ, ಮಣ್ಣಿನ ಜತೆ ಪದರ ಪದರವಾಗಿ ಸೇರಿಹೋಗಿದ್ದ ಬಟ್ಟೆ ಅಂಗಡಿ ಚೀಲಗಳು, ಎಳೆದಷ್ಟೂ ಬರುತ್ತಲೇ ಇದ್ದವು. ಒಡೆದ ಗಾಜನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಬೇರೆ ಗೋಣಿಚೀಲಕ್ಕೆ ಹಾಕಿ, ಮೇಲೆ ದೊಡ್ಡದಾಗಿ 'ಗಾಜು' ಅಂತ ಬರೆದರು. ಯಾಕೆ ಅಂತ ಕೇಳಿದೆ. ನಾಳೆ ಇದನ್ನು ಎತ್ತುವ ಪೌರಕಾರ್ಮಿಕರ ಕೈ ಕೊಯ್ಯಬಾರದಲ್ವಾ ಸಾರ್ ಅಂದಳು ಒಬ್ಬ ಹುಡುಗಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ದೊಡ್ಡ ಪಾಲು ದಿನಾ ಗುಡಿಸುವ ಆ ಪೌರಕಾರ್ಮಿಕರದ್ದು, ಈ ಮಕ್ಕಳಿಗೆ ಅದು ಗೊತ್ತಿದೆ.

ಇನ್ನು ಗಿಡದ ವಿಷಯ. ನನಗೆ ಗುಲ್‌ಮೊಹರ್ ಬೇಕಿತ್ತು, ಕೇಳಿಯೂ ಕೇಳಿದೆ. ಬೇಡ ಸಾರ್ ಅಂದರು. ಅದು ಮಡಗಾಸ್ಕರ್‌ನಿಂದ ಬಂದ ಮರ, ಬೇರು ಮೇಲೆಮೇಲೆ ಹರಡುತ್ತದೆ, ಕೊಂಬೆ ಮೆದು, ಗಾಳಿ ಮಳೆಗೆ ಮುರಿದು ಕಾರಿನ ಮೇಲೋ ವೈರಿನ ಮೇಲೋ ಬೀಳುತ್ತದೆ ಅಂತ ಸಮಾಧಾನವಾಗಿ ಬಿಡಿಸಿ ಹೇಳಿದರು. ವೈರ್ ಇಲ್ಲದ ಕಡೆ ಹೊಂಗೆ, ಬೇವು. ವೈರ್ ಕೆಳಗೆ ಜಾಸ್ತಿ ಎತ್ತರ ಹೋಗದ ಕಕ್ಕೆ. ನೇರಳೆಯನ್ನು ಪಾರ್ಕಿನ ಅಂಚಿಗೆ ಕೊಟ್ಟರು, ಹಣ್ಣು ಉದುರಿ ರಸ್ತೆ ಜಾರುವುದು ಬೇಡ, ಹಕ್ಕಿಗಳಿಗೂ ಮಕ್ಕಳಿಗೂ ಸಿಗಲಿ ಅಂತ.

ನೆಡುವುದನ್ನು ನಾನು ಹತ್ತಿರ ನಿಂತು ನೋಡಿದೆ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ, ಅದನ್ನು ಒಂದು ವಾರ ಮೊದಲೇ ತೋಡಿ ಬಿಸಿಲಿಗೆ ಬಿಟ್ಟಿದ್ದರು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದರು. ನರ್ಸರಿ ಕವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ತಳದಲ್ಲಿ ಬೇರು ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ಆ ಸುತ್ತಿದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಬೆರಳಿನಲ್ಲಿ ಬಿಡಿಸಿ, ಆಮೇಲೆ ಇಟ್ಟರು. ಕವರ್ ಸಮೇತ ಹೂತು ಫೋಟೊ ತೆಗೆಸಿಕೊಂಡು ಹೋದವರನ್ನು ನಾನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ, ಆ ಗಿಡಗಳು ಎರಡನೇ ವರ್ಷ ನೋಡಲಿಲ್ಲ.

ಆದರೆ ನನಗೆ ಇವರ ಮೇಲೆ ನಂಬಿಕೆ ಬಂದದ್ದು ಜನವರಿ ಆದ ಮೇಲೆ. ಒಂದೊಂದು ಗಿಡವನ್ನು ಒಂದೊಂದು ಮನೆಗೆ ಒಪ್ಪಿಸಿದ್ದರು. "ಅಜ್ಜಿ, ವಾರಕ್ಕೆರಡು ಸಲ ಎರಡು ಬಿಂದಿಗೆ ನೀರು ಹಾಕ್ತೀರಾ?" ಅಂತ ಎದುರು ಮನೆಯ ಅಜ್ಜಿಯನ್ನು ಕೇಳಿದಾಗ ಅವರು, "ಅಕ್ಕಿ ತೊಳೆದ ನೀರು ದಿನಾ ಹಾಕ್ತೀನಿ ಕಣಪ್ಪಾ, ಅದಕ್ಕೇನಂತೆ" ಅಂದಿದ್ದರು. ಹೇಳಿ ಸುಮ್ನೆ ಹೋಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ಪಾತಿಯ ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡುತ್ತಿದ್ದ, ತರಗೆಲೆ ಸರಿದಿದ್ದರೆ ಮತ್ತೆ ಹೊದಿಸುತ್ತಿದ್ದ. ಫೆಬ್ರವರಿಯಲ್ಲಿ ಅಜ್ಜಿಯ ಹೊಂಗೆ ಎಲೆಯೆಲ್ಲ ಉದುರಿ ಬೋಳಾಯಿತು. ಸತ್ತೇ ಹೋಯಿತು ಅಂತ ಅಜ್ಜಿ ತುಂಬಾ ನೊಂದುಕೊಂಡರು. ಆ ಹುಡುಗ ಬಂದು ಉಗುರಿನಿಂದ ಕಾಂಡವನ್ನು ಒಂದು ಕಾಳಿನಷ್ಟು ಕೆರೆದು ತೋರಿಸಿದ. ಒಳಗೆ ಹಚ್ಚಗಿತ್ತು. "ಜೀವ ಇದೆ ಅಜ್ಜಿ, ನೀರು ನಿಲ್ಲಿಸಬೇಡಿ." ಯುಗಾದಿ ಹೊತ್ತಿಗೆ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಂತು.

ಹುಲಿಕಲ್ಲಿನಿಂದ ಕುದೂರಿನ ಕಡೆಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಕೊಡದಲ್ಲಿ ನೀರು ಹೊತ್ತ ಕತೆ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನೆಟ್ಟ ದಿನದ ಕತೆ ಯಾರೂ ಹೇಳುವುದಿಲ್ಲ, ನೀರು ಹೊತ್ತದ್ದನ್ನೇ ಹೇಳುತ್ತಾರೆ. ಆ ಚಿಗುರು ನೋಡಿದ ದಿನ ಅದು ಯಾಕೆ ಅಂತ ಅರ್ಥವಾಯಿತು.

ಕೊರತೆಗಳೂ ಇವೆ. ಭಾನುವಾರದ ಮೆಸೇಜು ಶನಿವಾರ ರಾತ್ರಿ ಒಂಬತ್ತಕ್ಕೆ ಬರುತ್ತದೆ, ಮನೆಯಲ್ಲಿ ಬೇರೆ ಕೆಲಸ ಇರುವವರಿಗೆ ಕಷ್ಟ. ಕೈಗವಸು ಒಂದೇ ಅಳತೆಯವು, ಮಕ್ಕಳಿಗೆ ದೊಡ್ಡದಾಗುತ್ತವೆ. ಮೊದಮೊದಲು ಗೂಟಕ್ಕೆ ಪ್ಲಾಸ್ಟಿಕ್ ದಾರ ಕಟ್ಟಿದ್ದರು, ಅದು ಒಂದು ಬೇವಿನ ತೊಗಟೆಯನ್ನೇ ಕೊಯ್ದುಬಿಟ್ಟಿತ್ತು. ಹೇಳಿದ ಮೇಲೆ ಎಲ್ಲವನ್ನೂ ಬಿಚ್ಚಿ ತೆಂಗಿನ ನಾರಿನ ಹಗ್ಗ ಸಡಿಲವಾಗಿ ಕಟ್ಟಿದರು, ಬೇವು ಈಗ ಚೇತರಿಸಿಕೊಂಡಿದೆ. ಹೋದ ಎರಡು ಗಿಡಗಳಲ್ಲಿ ಒಂದು ಕೇಬಲ್‌ಗೆ ಅಗೆದಾಗ ಹೋಯಿತು. ಇನ್ನೊಂದರ ಮೇಲೆ ಕಾರು ಹತ್ತಿತು. ಟ್ರೀ ಗಾರ್ಡ್ ಇದ್ದಿದ್ದರೆ ಆ ಎರಡನೆಯದು ಉಳಿಯುತ್ತಿತ್ತು, ಈ ಸಲ ಅದಕ್ಕೆ ನಾವೇ ಮನೆಗಿಷ್ಟು ಅಂತ ದುಡ್ಡು ಹಾಕುತ್ತಿದ್ದೇವೆ.

ಮತ್ತೊಂದು ಮಾತು, ಇದು ತಂಡದ ತಪ್ಪಲ್ಲ. ಜೂನ್ 5ರ ಪರಿಸರ ದಿನಕ್ಕೆ ರಸ್ತೆ ತುಂಬ ಜನ ಬಂದಿದ್ದರು. ಏಪ್ರಿಲ್‌ನ ಬಿಸಿಲಿನಲ್ಲಿ ಪಾತಿ ಮಾಡಲು ಬಂದವರು ಆರು ಜನ. ನೀವು ಸೇರುವುದಾದರೆ ದಯವಿಟ್ಟು ಏಪ್ರಿಲ್‌ನಲ್ಲಿ ಬನ್ನಿ. ಟೋಪಿ, ನೀರಿನ ಬಾಟಲಿ ತನ್ನಿ. ಗಿಡ ತರಬೇಡಿ, ಯಾವ ಜಾಗಕ್ಕೆ ಯಾವುದು ಅಂತ ಅವರೇ ನೋಡುತ್ತಾರೆ.

ಐದಕ್ಕೆ ಐದು ಕೊಡುತ್ತೇನೆ. ಎದುರು ಮನೆ ಅಜ್ಜಿ ಹೋದ ವಾರ ಮಗಳ ಮನೆಗೆ ಮಂಡ್ಯಕ್ಕೆ ಹೊರಟರು. ಬೀಗದ ಕೈ ಜತೆ ಬಿಂದಿಗೆಯನ್ನೂ ನಮ್ಮ ಮನೆಗೆ ತಂದುಕೊಟ್ಟು, ಬುಧವಾರ ಶನಿವಾರ ಮರೀಬೇಡಿ ಅಂತ ಎರಡು ಸಲ ಹೇಳಿ ಬಸ್ ಹತ್ತಿದರು.