ಪಕ್ಕದ ಕೌನ್ಸಿಲ್ ಮನೆಗೆ ರಿಪೇರಿ ಶುರುವಾಗುತ್ತಿದೆಯಾ? ಮೊದಲು ಫೋಟೋ ತೆಗೆದಿಡಿ

ಇಂಗ್ಲೆಂಡಿನಲ್ಲಿ ಸೆಮಿ ಅಥವಾ ಟೆರೇಸ್ ಮನೆ (ಪಕ್ಕದ ಮನೆಗೆ ಗೋಡೆ ಅಂಟಿಕೊಂಡಿರುವ ಮನೆ) ಕೊಂಡಿರುವ ಕನ್ನಡಿಗರು ದಯವಿಟ್ಟು ಓದಿ. ಗೋಡೆಯಾಚೆಯ ಮನೆ ಕೌನ್ಸಿಲ್‌ನದೋ (ಸ್ಥಳೀಯ ಆಡಳಿತ) ಹೌಸಿಂಗ್ ಅಸೋಸಿಯೇಷನ್‌ನದೋ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಆಗಿದ್ದರಂತೂ ಓದಲೇಬೇಕು.

ನಮಗೂ ಪಕ್ಕದ ಮನೆಗೂ ಸೇರಿ ಒಂದೇ ಚಿಮ್ನಿ. ಪಕ್ಕದ ಮನೆಗೆ ಹೊಸ ಹೆಂಚು ಹಾಕಲು ಬಂದ ಕಂಟ್ರಾಕ್ಟರ್, ಆ ಕಡೆಯ ಅರ್ಧ ಚಿಮ್ನಿಯನ್ನೂ ಒಡೆದು ತೆಗೆದ. ನಮಗೆ ಒಂದು ಮಾತೂ ಹೇಳಲಿಲ್ಲ. ಸಂಜೆ ನೋಡಿದರೆ ನಮ್ಮ ಹಾಲ್‌ನ ಫೈರ್‌ಪ್ಲೇಸ್ ತುಂಬ ಇಟ್ಟಿಗೆ ಚೂರು, ಗಾರೆ, ಮಸಿ. ನಿಮ್ಮಲ್ಲೂ ಹೀಗಾದರೆ, ಆ ಚಿಮ್ನಿಗೆ ಗ್ಯಾಸ್ ಫೈರ್ ಜೋಡಿಸಿದ್ದರೆ ಹಚ್ಚಲೇಬೇಡಿ. ಹೊಗೆ ಹೋಗುವ ದಾರಿ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಮೊದಲು ಗ್ಯಾಸ್ ಸೇಫ್ ನೋಂದಣಿ ಇರುವ ಗ್ಯಾಸ್ ಎಂಜಿನಿಯರ್‌ಗೆ ತೋರಿಸಿ.

ಆಮೇಲೆ ಜೋರು ಮಳೆ ಬಂತು. ಬೆಡ್‌ರೂಮಿನ ಸೀಲಿಂಗ್ ಮೇಲೆ ಟೀ ಬಣ್ಣದ ಕಲೆ. ಲಾಫ್ಟ್ ಹತ್ತಿ ನೋಡಿದರೆ, ಅವರ ಹೊಸ ಹೆಂಚು ನಮ್ಮ ಹಳೇ ಸ್ಲೇಟಿಗೆ ಸೇರುವ ಕಡೆ ಹೊರಗಿನ ಬೆಳಕು ಕಾಣುತ್ತಿತ್ತು.

ಕೌನ್ಸಿಲ್‌ನವರು ಕಂಟ್ರಾಕ್ಟರ್‌ನನ್ನು ಕೇಳಿ ಅಂದರು. ಅವನು ತನ್ನ ಇನ್ಶೂರೆನ್ಸ್‌ನವರನ್ನು ಕೇಳಿ ಅಂದ. ಅವರೋ, ಈ ಕಲೆ ಮೊದಲೇ ಇರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ ಅಂತ ಕೇಳಿದರು! ದೂರು ವಿಚಾರಿಸುವ ಹೌಸಿಂಗ್ ಓಂಬುಡ್ಸ್‌ಮನ್ ಇರುವುದು ಇಂಥ ಮನೆಗಳ ಬಾಡಿಗೆದಾರರು, ಲೀಸ್‌ಹೋಲ್ಡರ್‌ಗಳ ದೂರಿಗೆ. ಪಕ್ಕದಲ್ಲಿ ಸ್ವಂತ ಮನೆ ಇರುವವರಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಇದು ದೊಡ್ಡ ಅನ್ಯಾಯ. ಆದರೆ ಪಕ್ಕದ ಮನೆಯವರ ಮೇಲೆ ಸಿಟ್ಟಾಗಬೇಡಿ. ಅಲ್ಲಿರುವ ಅಜ್ಜಿಯ ಮನೆ ಸೋರುತ್ತಿತ್ತು, ಅವರಿಗೆ ಆ ರಿಪೇರಿ ಬೇಕೇ ಇತ್ತು.

ಒಂದು ಕಾನೂನು ಗೊತ್ತಿರಲಿ. ಹಂಚಿಕೊಂಡ ಗೋಡೆಯನ್ನೋ ಚಿಮ್ನಿಯನ್ನೋ ಕತ್ತರಿಸುವ ಕೆಲಸಕ್ಕೆ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ 2 ತಿಂಗಳು ಮೊದಲೇ ನಮಗೆ ಲಿಖಿತ ನೋಟಿಸ್ ಬರಬೇಕು. ಕೌನ್ಸಿಲ್ ಆದರೂ ಅಷ್ಟೇ. ನೋಟಿಸ್ ಬಂದರೆ ಸುಮ್ನೆ ಸಹಿ ಹಾಕಿ ಕೊಡಬೇಡಿ. 14 ದಿನದೊಳಗೆ ನೀವು ಒಪ್ಪದಿದ್ದರೆ ವಿಷಯ ಸರ್ವೇಯರ್ ಕೈಗೆ ಹೋಗುತ್ತದೆ, ಖರ್ಚು ಸಾಮಾನ್ಯವಾಗಿ ಕೆಲಸ ಮಾಡಿಸುವವರದೇ. ಕೆಲಸಕ್ಕೆ ಮೊದಲು ನಿಮ್ಮ ಮನೆ ಹೇಗಿತ್ತು ಅನ್ನುವುದನ್ನು ಆ ಸರ್ವೇಯರ್‌ನಿಂದ ದಾಖಲೆ ಮಾಡಿಸಿಕೊಳ್ಳಿ.

ಬರೀ ಹೆಂಚು ಬದಲಿಸುವುದು ಸಾಮಾನ್ಯವಾಗಿ ಈ ಕಾಯ್ದೆಯಡಿ ಬರುವುದಿಲ್ಲ. ಹಾಗಾಗಿ ನೋಟಿಸ್‌ಗೆ ಕಾಯದೆ, ಸ್ಕ್ಯಾಫೋಲ್ಡಿಂಗ್ ಲಾರಿ ಬಂದ ದಿನವೇ ಸೀಲಿಂಗ್, ಲಾಫ್ಟ್, ಚಿಮ್ನಿ, ಗೋಡೆಯ ಮೂಲೆಗಳ ಫೋಟೋ ತೆಗೆದು ಕೌನ್ಸಿಲ್‌ಗೆ ಇಮೇಲ್ ಮಾಡಿ. ದಿನಾಂಕ ಅದರಲ್ಲೇ ಉಳಿಯುತ್ತದೆ. ಫೋನಲ್ಲಿ ಏನೇ ಮಾತಾದರೂ ಅದನ್ನೂ ಇಮೇಲಲ್ಲಿ ಬರೆದು ಕಳಿಸಿ.

ನಮ್ಮದು ಇನ್ನೂ ಮುಗಿದಿಲ್ಲ. ಸ್ವತಂತ್ರ ಸರ್ವೇಯರ್ ವರದಿ ಲಗತ್ತಿಸಿ ಕೌನ್ಸಿಲ್‌ಗೆ ಪರಿಹಾರದ ಕ್ಲೇಮ್ ಹಾಕಿದ್ದೇವೆ.